ಮಜ್ಜಿಗೆ ಬಡಿಸದ ಊಟ

ಕೊಲ್ಲಮೊಗ್ರಿನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಯ ನಂತರ ಮನೆಗೆ ಬಂದವರನ್ನು ಊಟ ಹಾಕದೆ ಕಳಿಸಿದ ದಾಖಲೆ ಈವರೆಗೆ ಲಭ್ಯವಿಲ್ಲ. ಕಳಿಸಬಾರದೆಂಬ ಕಾನೂನೇನೂ ಇಲ್ಲ. ಕಳಿಸಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಅಷ್ಟೆ. ಪುತ್ತೂರಿನ ಬಾಲಾನುಗ್ರಹ ಖಾಸಗಿ ದತ್ತು ಸೇವಾ ಸಂಸ್ಥೆಯವರು ತಮ್ಮ ಕೈಪಿಡಿ ಬರೆಯುವಾಗ ಈ ಸಂಗತಿಯನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಅದೊಂದೇ ಕಾರಣ, ಬೇರೆ ಯಾರ ತಪ್ಪೂ ಇಲ್ಲ ಎಂದು ಸಂಸ್ಥೆ ಆಮೇಲೆ ಲಿಖಿತವಾಗಿ ತಿಳಿಸಿದೆ.

ದಮಯಂತಿ ಊರಿನ ಸಣ್ಣ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರ್. ಗಂಡ ಮಹಾಬಲ ಪಂಪ್ ರಿಪೇರಿಯವನು. ಸುಬ್ರಹ್ಮಣ್ಯದಿಂದ ಈಚೆ ಯಾರ ಬಾವಿಯ ಮೋಟಾರು ಸುಟ್ಟರೂ ಅವನಿಗೇ ಫೋನು. ಮದುವೆಯಾಗಿ ಹನ್ನೊಂದು ವರ್ಷ. ಡಾಕ್ಟರು, ಹರಕೆ, ಕಷಾಯ ಎಲ್ಲ ಆಗಿತ್ತು. ಮದುವೆಯಾದ ಎರಡನೇ ವರ್ಷ ದಮಯಂತಿ ಪುತ್ತೂರಿನ ಪಾತ್ರೆ ಅಂಗಡಿಯಲ್ಲಿ ಅಂಗೈಯಷ್ಟಗಲದ ಒಂದು ಸ್ಟೀಲ್ ಬಟ್ಟಲು ಕೊಂಡಿದ್ದಳು. "ಹೆಸರು ಎಂತ ಕೊರೆಯುದು?" ಎಂದು ಅಂಗಡಿಯವನು ಕೇಳಿದಾಗ "ಆಮೇಲೆ ಹೇಳ್ತೇನೆ" ಎಂದು ತಂದವಳು ಒಂಬತ್ತು ವರ್ಷ ಹೇಳಲಿಲ್ಲ. ಒಮ್ಮೆ ಮಹಾಬಲ ತಿಳಿಯದೆ ಅದರಲ್ಲಿ ನಟ್ಟು-ಬೋಲ್ಟು ಹಾಕಿಟ್ಟದ್ದಕ್ಕೆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಅವನೇ ಬಟ್ಟಲನ್ನು ಹುಣಸೆಹುಳಿ ಹಾಕಿ ತಿಕ್ಕಿ ಮೊದಲಿನ ಜಾಗದಲ್ಲಿ ಇಟ್ಟು, "ಒಂದು ಅರ್ಜಿ ಹಾಕುವನಾ?" ಎಂದ.

ಅರ್ಜಿ ಇಪ್ಪತ್ತಾರು ಪುಟ ಇತ್ತು. "ನಿಮಗೆ ಮಗು ಏಕೆ ಬೇಕು? (ಅನ್ವಯಿಸದಿದ್ದಲ್ಲಿ ಹೊಡೆದು ಹಾಕಿ)" ಎಂಬುದು ನಾಲ್ಕನೆಯ ಪ್ರಶ್ನೆ. ಹದಿನೇಳನೆಯದು, "ಮಗುವಿನ ಆಗಮನದಿಂದ ಮನೆಯಲ್ಲಿ ಗದ್ದಲ ಹೆಚ್ಚುವ ಸಂಭವ ಇದೆಯೆ?" ದಮಯಂತಿ ಅದಕ್ಕೆ, "ಅದಕ್ಕೇ ಅರ್ಜಿ ಹಾಕುತ್ತಿರುವುದು" ಎಂದು ಬರೆದಳು.

ಅರ್ಜಿ ಕೊಡಲು ಇಬ್ಬರೂ ಪುತ್ತೂರಿಗೆ ಹೋದರು. ಸಂಸ್ಥೆಯ ಕೆಳಗಿನ ಅಂತಸ್ತು ಕಚೇರಿ, ಮೇಲಿನದು ಶಿಶುಗೃಹ. ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ನೀಲಿ ಬಣ್ಣದ ಬೋರ್ಡು: "ಊಟಕ್ಕೆ ಕುಳಿತ ಮಗುವನ್ನು ಊಟ ಮುಗಿಯುವವರೆಗೆ ಯಾವ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ. ಆಜ್ಞೆಯ ಮೇರೆಗೆ, ಈಶ್ವರಿ, ಮುಖ್ಯ ಆಡಳಿತಾಧಿಕಾರಿ." ಬೋರ್ಡಿನ ಕೆಳಗೆ ಮೂರು ವರ್ಷದ ಒಂದು ಹುಡುಗಿ ಮೆಟ್ಟಿಲಿನ ಸರಳು ಹಿಡಿದು ನಿಂತಿತ್ತು. ದಮಯಂತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿತು:

"ನೀವು ಯಾರ ಅಮ್ಮ?"

"ಇನ್ನೂ ಗೊತ್ತಾಗ್ಲಿಲ್ಲ ಮಗಾ" ಎಂದಳು ದಮಯಂತಿ.

"ಗೊತ್ತಾದ ಮೇಲೆ ಹೇಳಿ" ಎಂದು ಹುಡುಗಿ ಮೇಲೆ ಓಡಿತು. ಅದರ ಹೆಸರು ಪ್ರೀತಿಕಾ. ಎರಡು ತಿಂಗಳಲ್ಲಿ ಸಂಸ್ಥೆಯ ಹೊಂದಾಣಿಕೆ ಪಟ್ಟಿಯಲ್ಲಿ ದಮಯಂತಿ–ಮಹಾಬಲರ ಹೆಸರಿನ ಎದುರಿಗೆ ಅದೇ ಹೆಸರು ಬಿದ್ದಾಗ ದಮಯಂತಿ ಅಂಚೆ ಕಚೇರಿಯ ಕಿಟಕಿ ಮುಚ್ಚಿ ಹತ್ತು ನಿಮಿಷ ಅತ್ತಳು, ಮತ್ತೆ ಕಿಟಕಿ ತೆಗೆದು ಹೊರಗೆ ಕಾದಿದ್ದವರಿಗೆ ಸ್ಟಾಂಪು ಕೊಟ್ಟಳು. ಇನ್ನು ಬಾಕಿ ಇದ್ದದ್ದು ಮನೆ ತಪಾಸಣೆ ಒಂದೇ. "ಒಬ್ಬ ತಪಾಸಕ ಬರ್ತಾರೆ, ಮನೆ ನೋಡ್ತಾರೆ, ಒಂದು ವರದಿ ಬರೀತಾರೆ. ಅರ್ಧ ಗಂಟೆಯ ಕೆಲಸ" ಎಂದು ಈಶ್ವರಿ ಮೇಡಂ ಫೋನಿನಲ್ಲಿ ಹೇಳಿದರು.

ಇಲ್ಲಿ ಸಂಸ್ಥೆಯ ಏಳನೆಯ ನಿಯಮದ ಬಗ್ಗೆ ಹೇಳಬೇಕು. ಕುಟುಂಬ ಎಂದರೆ ಏನು ಎಂದು ಆಡಳಿತ ಮಂಡಳಿಯಲ್ಲಿ ಮೂರು ದಿನ ಚರ್ಚೆ ನಡೆದು, ರಕ್ತ, ಮದುವೆ, ಆಸ್ತಿ ಈ ಮೂರನ್ನೂ ಈಗಿನ ಕಾಲದಲ್ಲಿ ನಂಬುವ ಹಾಗಿಲ್ಲವೆಂದು ಸರ್ವಾನುಮತದ ತೀರ್ಮಾನವಾಗಿತ್ತು. ಕೊನೆಗೆ ಉಳಿದದ್ದು ಅನ್ನ. ಹಾಗಾಗಿ ಏಳನೆಯ ನಿಯಮ: "ಸಂಸ್ಥೆಯ ಗಮನಕ್ಕೆ ಬಂದಂತೆ ಅರ್ಜಿದಾರರ ಮನೆಯಲ್ಲಿ ಊಟ ಪೂರೈಸಿದ ಪ್ರತಿಯೊಬ್ಬರೂ ಸದರಿ ಕುಟುಂಬದ ಸದಸ್ಯರು." ಎಂಟನೆಯ ನಿಯಮ: "ಯಾರೂ ತಮ್ಮದೇ ಕುಟುಂಬದ ಬಗ್ಗೆ ತಪಾಸಣಾ ವರದಿ ಬರೆಯತಕ್ಕದ್ದಲ್ಲ." ಒಂಬತ್ತನೆಯದು: "ದತ್ತು ಸ್ವೀಕಾರಕ್ಕೆ ಕುಟುಂಬದ ಎಲ್ಲ ಸದಸ್ಯರ ಲಿಖಿತ ಒಪ್ಪಿಗೆ ಕಡ್ಡಾಯ." ಮೂರೂ ಒಳ್ಳೆಯ ನಿಯಮಗಳೇ. ಒಂದೊಂದಾಗಿ ಓದಿದರೆ ಯಾರಿಗೂ ತೊಂದರೆ ಇಲ್ಲ.

ಮೊದಲ ತಪಾಸಕ ಬೆಟ್ಟಂಪಾಡಿಯ ಕೃಷ್ಣಮೋಹನ. ಐವತ್ತನಾಲ್ಕು ವರ್ಷ, ಕೈಯಲ್ಲೊಂದು ಫೈಲು, ಕಂಕುಳಲ್ಲೊಂದು ಕೊಡೆ. ಪುತ್ತೂರಿನಿಂದ ಕಡಬ, ಕಡಬದಿಂದ ಸುಬ್ರಹ್ಮಣ್ಯ, ಅಲ್ಲಿಂದ ಜೀಪು ಹಿಡಿದು ಮನೆ ಮುಟ್ಟುವಾಗ ಹನ್ನೆರಡೂ ಇಪ್ಪತ್ತು. ವಾಪಸು ಜೀಪು ಮೂರು ಗಂಟೆಗೆ. ದಮಯಂತಿ ಬೆಲ್ಲ-ನೀರು ಕೊಟ್ಟಳು. ಅವರು ಕೋಣೆ ನೋಡಿದರು, ಬಾವಿಗೆ ಕಟ್ಟೆ ಉಂಟಾ ನೋಡಿದರು, ಅಟ್ಟದ ಏಣಿಯನ್ನು ಅಲ್ಲಾಡಿಸಿ ನೋಡಿದರು.

"ಎಲ್ಲ ಸರಿ ಉಂಟು. ನಾನಿನ್ನು ಹೊರಡ್ತೇನೆ" ಎಂದರು.

"ಎಂತ ಹೊರಡುದು ಮಾರಾಯ್ರೆ!" ಎಂದಳು ದಮಯಂತಿ. "ಒಂದು ಗಂಟೆ ಆಯ್ತು. ಊಟ ಮಾಡದೆ ಹೋಗುದು ಹೇಗೆ?"

"ಬೇಡ ಬೇಡ. ನಿಯಮ ಉಂಟು."

"ನಿಯಮ ಇರ್ಲಿ, ಎಲೆ ಹಾಕಿ ಆಯ್ತಲ್ಲ."

ಹಾಕಿದ ಎಲೆಯಿಂದ ಎದ್ದು ಹೋಗುವುದು ಕೃಷ್ಣಮೋಹನರಿಗೂ ಆಗದ ಕೆಲಸ. ಅವರೂ ಇದೇ ಸೀಮೆಯವರು. ಕುಚ್ಚಲಕ್ಕಿ ಅನ್ನ, ಸೌತೆ-ಹಲಸಿನ ಬೀಜದ ಹುಳಿ, ತೊಂಡೆಕಾಯಿ ಪಲ್ಯ, ಹಪ್ಪಳ, ಮಿಡಿ ಉಪ್ಪಿನಕಾಯಿ. ಎರಡು ಸಲ ಹುಳಿ ಹಾಕಿಸಿಕೊಂಡರು. ಕೊನೆಗೆ ದಮಯಂತಿ ಮಜ್ಜಿಗೆ ಬಡಿಸಿದಳು. ಮಜ್ಜಿಗೆ ಬರುವ ಮುಂಚೆ ಏಳುವುದು ಆ ಕಡೆಯಲ್ಲಿ ಜಗಳವಾಡಿದವರು ಮಾತ್ರ. ಕೈ ತೊಳೆದು ಬಂದು ಕೈಪಿಡಿ ಬಿಡಿಸಿ ಏಳನೆಯ ನಿಯಮ ಓದಿದ ಕೃಷ್ಣಮೋಹನ, "ಛೆ, ಮನೆಯವನಾಗಿ ಬಿಟ್ಟೆನಲ್ಲ" ಎಂದು ಕುರ್ಚಿಯಲ್ಲಿ ಒರಗಿದರು. ಅವರ ವರದಿಯಲ್ಲಿ ಮೂರೇ ವಾಕ್ಯ: "ಮನೆ ಉತ್ತಮವಾಗಿದೆ. ಹುಳಿಯೂ ಉತ್ತಮವಾಗಿದೆ. ನಾನು ಈಗ ಸದರಿ ಮನೆಯವನಾದ್ದರಿಂದ ಮೇಲಿನ ಎರಡು ವಾಕ್ಯಗಳನ್ನು ಪರಿಗಣಿಸಬಾರದಾಗಿ ವಿನಂತಿ."

ಒಂದು ವಾರದಲ್ಲಿ ರಿಜಿಸ್ಟರ್ಡ್ ಪತ್ರ ಬಂತು. ಪೋಸ್ಟ್‌ಮಾಸ್ಟರ್ ದಮಯಂತಿ ಅದನ್ನು ವಿಳಾಸದಾರಳಾದ ದಮಯಂತಿಗೆ ಕೊಟ್ಟು, ಸಹಿ ಹಾಕಿಸಿಕೊಂಡು ಓದಿದಳು. "ತಮ್ಮ ಕುಟುಂಬದ ಸದಸ್ಯರ ಸಂಖ್ಯೆ ಎರಡರಿಂದ ಮೂರಕ್ಕೆ ಏರಿರುವುದಕ್ಕೆ ಅಭಿನಂದನೆಗಳು. ಹೊಸ ಸದಸ್ಯರ ವೈದ್ಯಕೀಯ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ ಹಾಗೂ ಒಪ್ಪಿಗೆ ಪತ್ರವನ್ನು ಸಲ್ಲಿಸತಕ್ಕದ್ದು. ಬೇರೆ ತಪಾಸಕರನ್ನು ಕಳಿಸಲಾಗುವುದು."

ಮಹಾಬಲ ಕೃಷ್ಣಮೋಹನರನ್ನು ಬೈಕಿನ ಹಿಂದೆ ಕೂರಿಸಿ ಸುಳ್ಯಕ್ಕೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದ. ಸಕ್ಕರೆ ಕಾಯಿಲೆ ಸಿಕ್ಕಿತು. ದಮಯಂತಿ ಅವರಿಗಾಗಿ ಶನಿವಾರ ಶನಿವಾರ ಮೆಂತೆ ಹಾಕಿ ಬೇರೆ ಪದಾರ್ಥ ಮಾಡತೊಡಗಿದಳು, ಯಾಕೆಂದರೆ ಅವರು ಶನಿವಾರ ಶನಿವಾರ ಬರತೊಡಗಿದ್ದರು. "ಮನೆಗೆ ಬರುದಕ್ಕೆ ಹೇಳಿ ಬರ್ಲಿಕ್ಕುಂಟಾ?" ಎಂದು ಅವರೇ ಕೇಳುತ್ತಿದ್ದರು. ಒಪ್ಪಿಗೆ ಪತ್ರಕ್ಕೆ ಮಾತ್ರ ಸಹಿ ಹಾಕಲಿಲ್ಲ.

"ಮನೆಗೆ ಹೊಸಬರು ಬರುದು ಅಂದ್ರೆ ಸಣ್ಣ ವಿಷಯವಾ ದಮಯಂತಿ? ಹಿರಿಯನಾಗಿ ನಾನು ಯೋಚನೆ ಮಾಡ್ಬೇಕು. ಮಗುವಿಗೆ ನನ್ನ ಅಜ್ಜಿಯ ಹೆಸರು ಇಡುದಾದ್ರೆ ಒಪ್ಪಿಗೆ ಉಂಟು."

"ನಿಮ್ಮ ಅಜ್ಜಿಯ ಹೆಸರು ಎಂತ?"

"ಶಂಕರಿ."

"ಮಗುವಿಗೆ ಹೆಸರು ಉಂಟು. ಪ್ರೀತಿಕಾ."

"ಹಾಗಾದ್ರೆ ನೋಡುವ" ಎಂದರು ಕೃಷ್ಣಮೋಹನ. ಈ ಕಡೆಯಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದಲ್ಲ, ಆಗುತ್ತದೆ ಎಂದೂ ಅಲ್ಲ.

ಎರಡನೆಯ ತಪಾಸಕ ವಿಷ್ಣುಪ್ರಸಾದ್. ಹೊರಗೆ ಎಲ್ಲೂ ಅನ್ನ ಮುಟ್ಟದವರೆಂದೇ ಹುಡುಕಿ ಕಳಿಸಿದ್ದು. ಅವರು ಚೀಲದಲ್ಲಿ ಮನೆಯ ಅವಲಕ್ಕಿ, ಮನೆಯ ನೀರು ತಂದಿದ್ದರು. ದಮಯಂತಿಯೂ ಆ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ, ಏನೇ ಆದರೂ ಬಾಯಿ ತೆರೆಯಬಾರದೆಂದು ಹಲ್ಲು ಕಚ್ಚಿ ಕೂತಿದ್ದಳು. ಆದರೆ ಮೇ ತಿಂಗಳು. ವಿಷ್ಣುಪ್ರಸಾದರ ಬಾಟಲಿ ಗುತ್ತಿಗಾರಿನಲ್ಲೇ ಖಾಲಿ. ಮುಖ ಕೆಂಪಗಾಗಿ, ಅಂಗಿ ಬೆನ್ನಿಗೆ ಅಂಟಿತ್ತು. ದಮಯಂತಿ ಚಿಲಕ ನೋಡಿದಳು, ಅವರ ಮುಖ ನೋಡಿದಳು.

"ಒಂದು ಲೋಟ ಮಜ್ಜಿಗೆ ಕೊಡ್ಲಾ?" ಎಂದುಬಿಟ್ಟಳು.

"ಮಜ್ಜಿಗೆ ಊಟ ಅಲ್ಲ" ಎಂದು ವಿಷ್ಣುಪ್ರಸಾದ್ ಸ್ವತಃ ತೀರ್ಪು ಕೊಟ್ಟು, ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿದ್ದನ್ನು ಮೂರು ಲೋಟ ಕುಡಿದರು.

ವಿಷಯ ಸಂಸ್ಥೆಗೆ ಹೋಯಿತು. ಮಜ್ಜಿಗೆಯ ಸ್ವರೂಪವನ್ನು ನಿರ್ಧರಿಸಲು ಉಪಸಮಿತಿ ನೇಮಕವಾಯಿತು. ಅದು ಮೂರು ತಿಂಗಳು ಕೂತು, ಮಾದರಿ ತರಿಸಿ ಪರಿಶೀಲಿಸಿ, ಹೀಗೆ ಆದೇಶ ಹೊರಡಿಸಿತು: "ನಮ್ಮ ಸೀಮೆಯಲ್ಲಿ ಮಜ್ಜಿಗೆ ಬಂದಲ್ಲಿಗೆ ಊಟ ಮುಗಿಯಿತೆಂಬುದು ಸರ್ವವಿದಿತ. ಮುಗಿದದ್ದು ರುಜುವಾತಾದ ಮೇಲೆ ಆರಂಭವಾದದ್ದನ್ನು ಪ್ರತ್ಯೇಕವಾಗಿ ರುಜುವಾತುಪಡಿಸುವ ಅಗತ್ಯವಿಲ್ಲ. ಆದುದರಿಂದ ಶ್ರೀ ವಿಷ್ಣುಪ್ರಸಾದ್ ಅವರು ಊಟ ಪೂರೈಸಿದ್ದಾರೆ. ಇದೇ ನ್ಯಾಯದಿಂದ, ಮಜ್ಜಿಗೆ ಬಡಿಸದ ಊಟವನ್ನು ಮುಗಿದ ಊಟವೆಂದು ಪರಿಗಣಿಸತಕ್ಕದ್ದಲ್ಲ." ಪ್ರತಿ ದಮಯಂತಿಗೂ ಬಂತು. ಅವಳು ಸಹಿ ಹಾಕಿ ಪಡೆದು, ಓದಿ, ಫೈಲಿಗೆ ಸೇರಿಸಿದಳು. ಸದಸ್ಯರು ನಾಲ್ಕು.

ಮೂರನೆಯ ತಪಾಸಕಿ ನುಸ್ರತ್. ಆಕೆಯನ್ನು ರಂಜಾನಿನಲ್ಲಿ ಕಳಿಸಿದ್ದು ಈಶ್ವರಿ ಮೇಡಂನ ಬುದ್ಧಿವಂತಿಕೆ: ಉಪವಾಸದವಳು, ಹಗಲು ನೀರೂ ಕುಡಿಯುವುದಿಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸು. ನುಸ್ರತ್ ಒಂದೂವರೆ ಗಂಟೆಯಲ್ಲಿ ಹನ್ನೊಂದು ಪುಟದ ವರದಿ ಬರೆದಳು. ಕೊನೆಯ ಸಹಿ ಒಂದು ಬಾಕಿ. ಅದನ್ನು ಕಚೇರಿಯ ಮೊಹರಿನ ಎದುರೇ ಹಾಕಬೇಕಾದ್ದರಿಂದ ಫೈಲು ಮಡಚಿ ಹೊರಟಳು. ತಿರುವಿನಲ್ಲಿ ಜೀಪಿನ ಎರಡು ಟಯರು ಒಟ್ಟಿಗೆ ಪಂಕ್ಚರ್. ಇದ್ದದ್ದು ಒಂದೇ ಸ್ಟೆಪ್ನಿ. ಮಹಾಬಲ ಟಯರು ಹೊತ್ತುಕೊಂಡು ಹೋಗಿ ತರುವಾಗ ಸೂರ್ಯ ಮುಳುಗುವುದಕ್ಕೆ ಹತ್ತು ನಿಮಿಷ ಇತ್ತು. ನುಸ್ರತ್ ದಮಯಂತಿಯ ಜಗಲಿಯಲ್ಲಿ ಕೂತು ಫೋನಿನಲ್ಲಿ ಸಮಯ ನೋಡುತ್ತಿದ್ದಳು. ಒಳಗೆ ಗಂಜಿ ಕುದಿಯುತ್ತಿತ್ತು.

"ತಂಗಿ, ನಾನು ಏನೂ ಹೇಳುದಿಲ್ಲ" ಎಂದಳು ದಮಯಂತಿ. ಅವಳ ಕಣ್ಣಲ್ಲಿ ನೀರು. "ಹೇಳಿದ್ರೆ ನನ್ನ ಮಗು ಇನ್ನೂ ದೂರ ಹೋಗ್ತದೆ. ಹೇಳದಿದ್ರೆ ನೀನು ಇಡೀ ದಿನ ಉಪವಾಸ ಇದ್ದವಳು ನನ್ನ ಜಗಲಿಯಲ್ಲಿ ಹಸಿದು ಕೂತ ಹಾಗಾಗ್ತದೆ."

ನುಸ್ರತ್ ಫೋನು ಕೆಳಗಿಟ್ಟಳು. "ಅಕ್ಕ, ನಿಯಮ ನನಗೆ ಬಾಯಿಪಾಠ ಉಂಟು. ಆದ್ರೆ ಇಲ್ಲಿಂದ ಕಡಬಕ್ಕೆ ಹೋಗುವ ಮೊದಲು ನಾನು ತಲೆ ತಿರುಗಿ ಬಿದ್ರೂ ಆ ವರದಿಗೆ ಸಹಿ ಬೀಳುದಿಲ್ಲ. ಗಂಜಿ ಕೊಡಿ." ಗಂಜಿ, ಚಟ್ನಿ, ಅವಳೇ ಚೀಲದಿಂದ ತೆಗೆದ ಖರ್ಜೂರ; ಮಹಾಬಲನಿಗೂ ಎರಡು ಕೊಟ್ಟಳು. ಕೊನೆಗೆ ಮಜ್ಜಿಗೆ. ಹನ್ನೊಂದು ಪುಟದ ವರದಿ ರದ್ದಾಯಿತು. ಸದಸ್ಯರು ಐದು. ಒಪ್ಪಿಗೆ ಪತ್ರಕ್ಕೆ ಅಲ್ಲೇ, ಕೇಳುವ ಮುಂಚೆ, ಸಹಿ ಹಾಕಿ ಹೋದವಳು ಅವಳೊಬ್ಬಳೇ.

ಆಮೇಲೆ ಸಂಸ್ಥೆಯಲ್ಲಿ ಕೊಲ್ಲಮೊಗ್ರು ಫೈಲು ಹೆಸರುವಾಸಿಯಾಯಿತು. ಅಲ್ಲಿಯವರೆಗೆ ತಪಾಸಣೆ ಎಂದರೆ ಸೊಂಟ ನೋವೆನ್ನುತ್ತಿದ್ದವರೆಲ್ಲ ಈಗ ಸೇವಾ ಮನೋಭಾವದಿಂದ ತಾವಾಗಿ ಮುಂದೆ ಬಂದರು. ಕೆಸುವಿನೆಲೆಯ ಪತ್ರೊಡೆಯ ತಿಂಗಳಲ್ಲಿ ಟೈಪಿಸ್ಟು, ಹಲಸಿನ ಕೊಟ್ಟಿಗೆ ಕಡುಬಿನ ಹೊತ್ತಿನಲ್ಲಿ ಲೆಕ್ಕಪರಿಶೋಧಕರು. ಡ್ರೈವರ್ ಜಾಸಿರ್ ತಪಾಸಕನಲ್ಲದಿದ್ದರೂ ವಾಹನದ ತಪಾಸಣೆಗೆಂದು ಬಂದು ನೀರುದೋಸೆ ಒಂಬತ್ತು ತಿಂದ. ಬಂದವರಿಗೆಲ್ಲ ದಮಯಂತಿ, ಬಾಯಿ ಬಿಡಬಾರದೆಂದು ಶಪಥ ಮಾಡಿಯೇ ಎಲೆ ಹಾಕಿದಳು. ಹೊರಡುವಾಗ ಮನೆಯವರ ಪಾಲೆಂದು ಹಪ್ಪಳದ ಕಟ್ಟನ್ನು ಅವರೇ ಕೇಳಿ ಕಟ್ಟಿಸಿಕೊಂಡರು. ಎರಡು ವರ್ಷದಲ್ಲಿ ದಮಯಂತಿಯ ಕುಟುಂಬದ ಸದಸ್ಯರ ಸಂಖ್ಯೆ ಇಪ್ಪತ್ತೊಂದು. ಒಪ್ಪಿಗೆ ಕೇಳಲು ಕರೆದ ಕುಟುಂಬ ಸಭೆಗೆ ಮನೆಯ ಜಗಲಿ ಸಾಲದೆ ಸಂಸ್ಥೆಯ ಸಭಾಂಗಣವನ್ನೇ ತೆಗೆದುಕೊಳ್ಳಬೇಕಾಯಿತು. ಅಲ್ಲಿ ಮಗುವಿನ ವಿಷಯ ಕಾರ್ಯಸೂಚಿಯಲ್ಲಿ ಕೊನೆಯದಾಗಿದ್ದು, ಸಮಯಾಭಾವದಿಂದ ಮುಂದೂಡಲ್ಪಟ್ಟಿತು. ಮೊದಲನೆಯದಾಗಿದ್ದ, ಹುಳಿಗೆ ತೆಂಗಿನಕಾಯಿ ಸ್ವಲ್ಪ ಹೆಚ್ಚು ಹಾಕಬೇಕೆಂಬ ನಿರ್ಣಯ ಅಂಗೀಕಾರವಾಯಿತು.

ಆ ಸಂಜೆ ಮನೆಗೆ ಬಂದ ದಮಯಂತಿ ಹಿಂದಿನ ದಿನ ಉಂಡು ಹೋದವರ ಹದಿನೇಳು ಲೋಟ ತೊಳೆದು ಕವುಚಿ ಹಾಕಿ, ಕೊನೆಗೆ ಯಾರೂ ಮುಟ್ಟದ ಆ ಸಣ್ಣ ಬಟ್ಟಲನ್ನೂ ತೊಳೆದಳು. ಅಲ್ಲೇ ಕೂತುಬಿಟ್ಟಳು.

"ಇಷ್ಟು ಜನ ಬಂದ್ರು. ಬರಬೇಕಾದವಳು ಒಬ್ಬಳು ಬರ್ಲಿಲ್ಲ" ಎಂದಳು. "ಅವಳಿಗೆ ಈಗ ಐದು ವರ್ಷ. ನಾನು ಯಾರ ಅಮ್ಮ ಅಂತ ಗೊತ್ತಾದ ಮೇಲೆ ಹೇಳ್ಲಿಕ್ಕೆ ಹೇಳಿದ್ಲು. ಮರೆತಿರ್ತಾಳೆ."

"ಮರೀಲಿಕ್ಕಿಲ್ಲ ಮಾರಾಯ್ತಿ" ಎಂದ ಮಹಾಬಲ. ಬೇರೆ ಹೇಳಲು ತೋಚದೆ ಬಟ್ಟಲನ್ನು ಪಂಚೆಯ ತುದಿಯಿಂದ ಒರೆಸಿದ.

ಸಂಸ್ಥೆಯಲ್ಲಿ ಈಗ ಕುಟುಂಬದ ಹೊರಗೆ ಉಳಿದಿದ್ದವರು ಈಶ್ವರಿ ಮೇಡಂ ಒಬ್ಬರೇ. ಹಾಗಾಗಿ ಅವರೇ ಹೊರಟರು, ಶಿಶು–ಗೃಹ ಹೊಂದಾಣಿಕೆ ಭೇಟಿಗೆ ಮಗುವನ್ನೂ ಕರೆದುಕೊಂಡು. ತಮ್ಮ ಬುತ್ತಿ ತಮ್ಮ ಕೈಯಲ್ಲಿ. ಜೊತೆಗೆ ಕೃಷ್ಣಮೋಹನ, ವಿಷ್ಣುಪ್ರಸಾದ್, ನುಸ್ರತ್, ಮನೆಯವರಾಗಿ. ಕಾರು ಓಡಿಸಿದ್ದು ಜಾಸಿರ್, ಅವನೂ ಮನೆಯವನೇ.

ಜಗಲಿಗೆ ಕಾಲಿಡುವ ಮುಂಚೆಯೇ ಈಶ್ವರಿ ಮೇಡಂ ಎಚ್ಚರಿಕೆ ಕೊಟ್ಟರು. "ದಮಯಂತಿಯವರೇ, ಈ ಸಲ ತಮಾಷೆ ಇಲ್ಲ. ಹನ್ನೊಂದನೆಯ ನಿಯಮ ಕೇಳಿಸಿಕೊಳ್ಳಿ. ಒಂದು ಕುಟುಂಬ ತನ್ನದೇ ಸದಸ್ಯರನ್ನು ದತ್ತು ತೆಗೆದುಕೊಳ್ಳುವ ಹಾಗಿಲ್ಲ. ಈ ಮಗು ನಿಮ್ಮಲ್ಲಿ ಊಟ ಮುಗಿಸಿದ್ರೆ ಅವಳು ನಿಮ್ಮ ಕುಟುಂಬದವಳಾಗ್ತಾಳೆ. ಆಗ ಅರ್ಜಿ ವಜಾ. ವಜಾ ಆದ ಅರ್ಜಿಯ ಮಗುವನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಡ್ತೇವೆ. ಮಂಗಳೂರಿನವರು ಒಬ್ರು ಕಾಯ್ತಾ ಇದ್ದಾರೆ."

"ಅವರ ಮನೆಯಲ್ಲಿ ಊಟ?" ಎಂದು ಕೃಷ್ಣಮೋಹನ ವಿಚಾರಿಸಿದರು.

"ಫ್ಲ್ಯಾಟು. ಯಾರಿಗೂ ನೀರು ಕೂಡ ಕೊಡುದಿಲ್ಲ. ಆದರ್ಶ ಅರ್ಜಿದಾರರು" ಎಂದರು ಈಶ್ವರಿ ಮೇಡಂ.

ಪ್ರೀತಿಕಾ ಕಾರಿನಿಂದ ಇಳಿದು ದಮಯಂತಿಯ ಎದುರು ಬಂದು ನಿಂತಿತು. ಮೊದಲಿಗಿಂತ ಒಂದು ಗೇಣು ಎತ್ತರ, ಮುಂದಿನ ಹಲ್ಲು ಒಂದು ಇಲ್ಲ.

"ಗೊತ್ತಾಯ್ತಾ?" ಎಂದು ಕೇಳಿತು.

ದಮಯಂತಿ ಈಶ್ವರಿ ಮೇಡಂ ಕೈಯ ಫೈಲು ನೋಡಿದಳು. ಮಗು ಕಾದು ನೋಡಿತು. ಬೆಳಿಗ್ಗೆ ಎಂಟಕ್ಕೆ ಹೊರಟದ್ದು, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿದ್ದು, ಈಗ ಗಂಟೆ ಒಂದು. ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. "ನನಗೆ ಹಸಿವಾಗ್ತದೆ" ಎಂದಿತು ಮಗು.

ಎಲ್ಲರೂ ದಮಯಂತಿಯನ್ನು ನೋಡಿದರು. ಹದಿನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಒಂದು ಸ್ಟಾಂಪು ಅಡ್ಡ ಹಚ್ಚದವಳು ದಮಯಂತಿ. ನಿಯಮ ಎಂದರೆ ಅವಳಿಗೆ ಗೌರವ. ಅವಳು ಒಳಗೆ ಹೋಗಿ ಸಣ್ಣ ಬಟ್ಟಲನ್ನು ತಂದು, ಬಿಸಿ ಅನ್ನ ಹಾಕಿ, ಸಾರು ಹಾಕಿ, ಒಂದು ಚಮಚ ತುಪ್ಪ ಹಾಕಿ ಕಲಸಿದಳು.

"ದಮಯಂತಿಯವರೇ!" ಎಂದು ಈಶ್ವರಿ ಮೇಡಂ ಪೆನ್ನು ಎತ್ತಿದರು.

"ಬರ್ಕೊಳ್ಳಿ ಮೇಡಂ. ಎಂತ ಬೇಕಾದ್ರೂ ಬರ್ಕೊಳ್ಳಿ. ಹಸಿದ ಮಗುವಿಗೆ ಅನ್ನ ಹಾಕದೆ ಸಿಗುವ ಮಗು ನನಗೆ ಬೇಡ." ಹೇಳುತ್ತಲೇ ಮಗುವನ್ನು ಜಗಲಿಯಲ್ಲಿ ಕೂರಿಸಿ ಮೊದಲ ತುತ್ತು ಬಾಯಿಗೆ ಇಟ್ಟಳು.

ಮಗು ಉಂಡಿತು. ಬಟ್ಟಲು ಖಾಲಿಯಾಗಿ ಮತ್ತೊಮ್ಮೆ ತುಂಬಿತು, ಮೂರನೆಯ ಸಲವೂ ತುಂಬಿತು. ಮಹಾಬಲ ಕಂಬ ಹಿಡಿದುಕೊಂಡು ನಿಂತಿದ್ದ. ನುಸ್ರತ್ ಮುಖ ತಿರುಗಿಸಿಕೊಂಡಿದ್ದಳು. ಅಭ್ಯಾಸಬಲದಿಂದ ದಮಯಂತಿಯ ಕೈ ಮಜ್ಜಿಗೆಯ ಪಾತ್ರೆಗೆ ಹೋಯಿತು, ಸೌಟು ತುಂಬಿತು, ಬಟ್ಟಲಿನ ಮೇಲೆ ಬಂತು.

ಅಲ್ಲಿ ನಿಂತಿತು. ದಮಯಂತಿ ಸಹಿ ಹಾಕಿ ಪಡೆದ ಪತ್ರವನ್ನು ಓದದೆ ಇಡುವವಳಲ್ಲ, ಓದಿದ್ದನ್ನು ಮರೆಯುವವಳೂ ಅಲ್ಲ. ಸೌಟನ್ನು ಹಾಗೇ ಪಾತ್ರೆಗೆ ಮಗುಚಿ, ಪಾತ್ರೆಗೆ ಮುಚ್ಚಳ ಹಾಕಿದಳು.

"ಮೇಡಂ, ಮಗುವಿನ ಊಟ ಮುಗೀಲಿಲ್ಲ" ಎಂದಳು.

"ಅಂದ್ರೆ?"

"ಮಜ್ಜಿಗೆ ಬಡಿಸದ ಊಟವನ್ನು ಮುಗಿದ ಊಟವೆಂದು ಪರಿಗಣಿಸತಕ್ಕದ್ದಲ್ಲ. ನಿಮ್ಮದೇ ಉಪಸಮಿತಿ. ಊಟ ಮುಗೀಲಿಲ್ಲ, ಹಾಗಾಗಿ ಅವಳು ಇನ್ನೂ ಕುಟುಂಬದವಳಲ್ಲ. ಅರ್ಜಿ ವಜಾ ಆಗುದಿಲ್ಲ."

ವಿಷ್ಣುಪ್ರಸಾದ್ ಚೀಲದಿಂದ ಆದೇಶದ ಪ್ರತಿ ತೆಗೆದು ನೋಡಿ, "ಸರಿ ಉಂಟು. ನನ್ನ ಪ್ರಕರಣದಲ್ಲೇ ಆದದ್ದು" ಎಂದು ಸ್ವಲ್ಪ ಹೆಮ್ಮೆಯಿಂದ ದೃಢಪಡಿಸಿದರು.

"ಹಾಗಾದ್ರೆ ನಾನು ಮಗುವನ್ನು ಈಗಲೇ ವಾಪಸು ಕರ್ಕೊಂಡು ಹೋಗ್ತೇನೆ" ಎಂದು ಈಶ್ವರಿ ಮೇಡಂ ಎದ್ದರು.

"ಹೇಗೆ ಕರ್ಕೊಂಡು ಹೋಗುದು ಮೇಡಂ?" ಎಂದಳು ನುಸ್ರತ್, ಮುಖ ಈಚೆ ತಿರುಗಿಸಿ. "ಮೆಟ್ಟಿಲ ಹತ್ರ ನಿಮ್ಮದೇ ಬೋರ್ಡು ಉಂಟಲ್ಲ. ಊಟಕ್ಕೆ ಕುಳಿತ ಮಗುವನ್ನು ಊಟ ಮುಗಿಯುವವರೆಗೆ ಯಾವ ಕಾರಣಕ್ಕೂ…"

"ಎಬ್ಬಿಸತಕ್ಕದ್ದಲ್ಲ" ಎಂದು ಪ್ರೀತಿಕಾ ಮುಗಿಸಿತು. ಐದು ವರ್ಷ ಆ ಬೋರ್ಡಿನ ಕೆಳಗೇ ಬೆಳೆದ ಮಗು.

ಈಶ್ವರಿ ಮೇಡಂ ಕೂತರು. ಕೈಪಿಡಿಯನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದಿದರು. ಎರಡು ಗಂಟೆಯಾಯಿತು, ಎರಡೂವರೆಯಾಯಿತು. ತಮ್ಮ ಬುತ್ತಿ ಬಿಚ್ಚಿದರೆ ಚಿತ್ರಾನ್ನ ಬೆವರಿ ಹಳಸಿತ್ತು. "ಈ ಊಟ ಮುಗಿಯುದು ಯಾವಾಗ?" ಎಂದು ಸೋತ ದನಿಯಲ್ಲಿ ಕೇಳಿದರು.

"ಮಜ್ಜಿಗೆ ಬಡಿಸಿದ ಮೇಲೆ."

"ಬಡಿಸುದು ಯಾವಾಗ?"

"ನೋಡುವ" ಎಂದಳು ದಮಯಂತಿ. ಮತ್ತೆ ಅವರ ಮುಖ ನೋಡಿ, ಅವಳಿಂದ ತಡೆಯಲಾಗಲಿಲ್ಲ. "ಮೇಡಂ, ನಿಮಗೆ ಒಂದು ಎಲೆ ಹಾಕ್ಲಾ?"

ಈಶ್ವರಿ ಮೇಡಂ ಉಂಡರು. ಅವರಿಗೆ ಮಜ್ಜಿಗೆ ಎರಡು ಸಲ ಬಡಿಸಲಾಯಿತು. ಇಪ್ಪತ್ತೆರಡನೆಯ ಸದಸ್ಯೆಯಾದ್ದರಿಂದ ಈ ಪ್ರಕರಣದಲ್ಲಿ ಇನ್ನು ಅವರು ಯಾವ ತೀರ್ಮಾನವನ್ನೂ ಕೈಗೊಳ್ಳುವಂತಿರಲಿಲ್ಲ. ಕೈ ತೊಳೆದು ಬಂದವರ ಮುಖದಲ್ಲಿ ಎರಡು ವರ್ಷದಲ್ಲಿ ಮೊದಲ ಬಾರಿಗೆ ನಗು ಇತ್ತು. ಫೈಲಿನಲ್ಲಿ, "ಮಗು ಊಟಕ್ಕೆ ಕುಳಿತಿದೆ. ಊಟ ಮುಗಿದ ನಂತರ ಸೂಕ್ತ ಕ್ರಮ" ಎಂದು ಬರೆದು ಎಲ್ಲರನ್ನೂ ಕಾರಿಗೆ ಹತ್ತಿಸಿದರು. ಮಗುವನ್ನು ಬಿಟ್ಟು.

ಇದು ನಡೆದು ಮೂರು ವರ್ಷ. ಊಟ ನಡೆಯುತ್ತಿದೆ.

ಪ್ರೀತಿಕಾ ಈಗ ಮೂರನೇ ಕ್ಲಾಸು. ಶಾಲೆಯ ದಾಖಲಾತಿಯಲ್ಲಿ ಪೋಷಕರ ಹೆಸರಿನ ಎದುರು, "ಊಟ ಮುಗಿದ ನಂತರ ಭರ್ತಿ ಮಾಡಲಾಗುವುದು" ಎಂದಿದೆ. ಹೆಡ್‌ಮಾಸ್ಟರು ಅದಕ್ಕೆ ಮೊಹರು ಹಾಕಿದ್ದಾರೆ. ಶಾಲೆಯ ಅಡುಗೆಯ ಸೀತು ಮಕ್ಕಳಿಗೆಲ್ಲ ಮಜ್ಜಿಗೆ ಹಾಕುತ್ತಾ ಬಂದು ಅವಳ ತಟ್ಟೆ ದಾಟಿ ಮುಂದೆ ಹೋಗುತ್ತಾಳೆ. ಯಾರ ಮನೆಯ ಪೂಜೆಗೆ ಹೋದರೂ ಮಜ್ಜಿಗೆಯ ಪಾತ್ರೆ ಹಿಡಿದವರು ಅವಳ ಎಲೆ ಬಂದಾಗ ಸೌಟು ಎತ್ತಿ ಹಿಡಿಯುತ್ತಾರೆ. ಮೊನ್ನೆ ಸುಳ್ಯದ ಒಂದು ಮದುವೆಯಲ್ಲಿ ಮಾತ್ರ ಬಡಿಸುವವನು ಮರ್ಕಂಜದ ಹೊಸಬ, ವಿಷಯ ಗೊತ್ತಿರಲಿಲ್ಲ. ಸೌಟು ಬಗ್ಗಿಸಿಯೇಬಿಟ್ಟಿದ್ದ. ಪಂಕ್ತಿಗೆ ಪಂಕ್ತಿಯೇ "ಏ, ಏ, ಅದಕ್ಕೆ ಹಾಕ್ಬೇಡ!" ಎಂದು ಕೂಗಿತು. ಅವನು ಬೆಚ್ಚಿ, "ಯಾಕೆ ಮಗಾ, ಮಜ್ಜಿಗೆ ಆಗುದಿಲ್ವಾ?" ಎಂದ.

"ಆಗ್ತದೆ. ಕುಡಿದ್ರೆ ಅಮ್ಮ ಮತ್ತೆ ಇಪ್ಪತ್ತಾರು ಪುಟ ತುಂಬಿಸ್ಬೇಕು" ಎಂದಿತು ಪ್ರೀತಿಕಾ, ಎರಡೂ ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು.

ಸ್ಟೀಲ್ ಬಟ್ಟಲಿಗೆ ಹೆಸರು ಕೊರೆಸಿ ಆಗಿದೆ. ವರದಿ ಬರೆಯುವ ಹಾಗಿಲ್ಲದಿದ್ದರೂ ಪ್ರತಿ ವರ್ಷ ಫೈಲು ಹಿಡಿದು ಈಶ್ವರಿ ಮೇಡಂ ಬರುತ್ತಾರೆ. ಮೇಡಂ ಎಂದು ಈಗ ಯಾರೂ ಕರೆಯುವುದಿಲ್ಲ, ಪ್ರೀತಿಕಾಗೆ ಅವರು ದೊಡ್ಡಮ್ಮ. ಕಳೆದ ವಾರ ಬಂದಾಗಲೂ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಫೈಲು ಬಿಡಿಸಿ, ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ ಕೇಳಿದರು:

"ಊಟ ಆಯ್ತಾ ಮಗಾ?"

"ಇಲ್ಲ ದೊಡ್ಡಮ್ಮ, ಆಗ್ತಾ ಉಂಟು" ಎಂದಿತು ಪ್ರೀತಿಕಾ.

ಅವರು ಅದನ್ನು ಹಾಗೆಯೇ ಬರೆದುಕೊಂಡು, ದಿನಾಂಕ ಹಾಕಿ, ಮಗುವಿನ ಪಕ್ಕದ ಎಲೆಗೆ ಕೂತರು.